ಗದ್ದಲದ ವರ್ಷ: ನಮ್ಮ ಮನೆಗಳು ಹೇಳದ 1948

1/10
ನಿಮ್ಮ ಅಜ್ಜಂದೋ ಅಜ್ಜೀದೋ ಆಧಾರ್ ಕಾರ್ಡ್ ತೆಗೆದು ನೋಡ್ರಿ. ಹುಟ್ಟಿದ ತಾರೀಖು ಜನವರಿ 1 ಅಂತ ಇರಬಹುದು. ನಮ್ಮ ಕಡೆ ಹಿರಿಯರಲ್ಲಿ ಅರ್ಧ ಮಂದಿ ಅದೇ ದಿನ ಹುಟ್ಟಿದವರು 😄 ಖರೇ ವರ್ಷ ಬೇಕಂದ್ರೆ ಬಾಯಿಬಿಟ್ಟು ಕೇಳಬೇಕು. ಆಗ ಬರೋ ಉತ್ತರ ಯಾವ ಕ್ಯಾಲೆಂಡರಿನಲ್ಲೂ ಇರಲ್ಲ. "ಡ್ಯಾಂ ಕಟ್ಟೂ ಮುಂದ." "ದೊಡ್ಡ ಬರ ಬಿದ್ದಾಗ." "ರಜಾಕಾರರ ಗದ್ದಲದಾಗ."

ಡ್ಯಾಮಿನ ಬಗ್ಗೆ, ಬರದ ಬಗ್ಗೆ ಕೇಳಿದ್ರೆ ಅರ್ಧ ತಾಸು ಹೇಳ್ತಾರೆ. ಗದ್ದಲದ ಬಗ್ಗೆ ಕೇಳಿ ನೋಡ್ರಿ. "ಅದೆಲ್ಲಾ ಯಾಕ ಈಗ? ಉಂಡು ಮಲ್ಕೋ." ಮಾತು ಅಲ್ಲಿಗೆ ಮುಗೀತು.

ಈ ಸಲದ ಸರಣಿ ಆ ನಿಂತುಹೋದ ಮಾತಿನ ಬಗ್ಗೆ. 1948ರಲ್ಲಿ ಎಂಟು ವರ್ಷದ ಕೂಸಾಗಿದ್ದವರಿಗೆ ಈಗ ಎಂಬತ್ತೈದರ ಆಸುಪಾಸು. ಕಣ್ಣಾರೆ ಕಂಡವರು ಕಡಿಮೆ ಆಗ್ತಾ ಇದ್ದಾರೆ. ಮಕ್ಕಳು ಕೇಳಿದ್ರೆ ಬೈದು ಕಳಿಸಿದವರು ಮೊಮ್ಮಕ್ಕಳು ಕೇಳಿದ್ರೆ ಒಮ್ಮೊಮ್ಮೆ ಹೇಳ್ತಾರೆ. ಅಂದ್ರೆ ಕೇಳೋ ಸರದಿ ನಮ್ಮದು.

ಹತ್ತು ಪೋಸ್ಟ್ ಅದಾವು. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದ್ರಿ.

2/10
ಅಡ್ಮಿಷನ್ ಟೈಮಿನಲ್ಲಿ ನಾವೆಲ್ಲ 371(ಜೆ) ಸರ್ಟಿಫಿಕೇಟ್‌ಗೆ ಓಡಾಡಿದ್ದು ನೆನಪೈತಿ ಅಲ್ಲಾ? ಸೀಟು, ನೌಕರಿ, ಮೀಸಲಾತಿ ಅಂತಷ್ಟೇ ಅದು ನಮಗೆ ಗೊತ್ತು. ಅದು ನಮಗೆ ಯಾಕೆ ಬಂತು ಅನ್ನೋದರಲ್ಲೇ ಈ ಕಥೆ ಶುರು.

1947ರ ಆಗಸ್ಟ್ 15ರಂದು ದಿಲ್ಲಿಯಲ್ಲಿ ಬಾವುಟ ಹಾರಿತು. ನಮ್ಮ ಸಿದ್ದಾಪುರದಲ್ಲಿ ಹಾರಲಿಲ್ಲ. ಆಗ ಕೊಪ್ಪಳ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1997ರಲ್ಲಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ರಾಯಚೂರು ಜಿಲ್ಲೆಯ ಕಡೆಗೆ, ರಾಯಚೂರು ಹೈದರಾಬಾದ್ ನಿಜಾಮನ ಕೈಯಲ್ಲಿ. ಸಂಸ್ಥಾನದ 16 ಜಿಲ್ಲೆಗಳಲ್ಲಿ ಕನ್ನಡದವು ಮೂರು: ಬೀದರ್, ಗುಲ್ಬರ್ಗಾ, ರಾಯಚೂರು.

ತುಂಗಭದ್ರೆಯೇ ಗಡಿ. ಈಚೆ ದಂಡೆ ನಿಜಾಮಂದು. ಆಚೆ ದಂಡೆಯ ಕಂಪ್ಲಿ ಮದ್ರಾಸ್ ಪ್ರಾಂತ್ಯದ್ದು, ಅಂದ್ರೆ ಭಾರತ. ಹೊಳೆ ದಾಟಿದರೆ ಕಚೇರಿ ಭಾಷೆ ಬೇರೆ, ಕಾನೂನು ಬೇರೆ, ರೊಕ್ಕವೂ ಬೇರೆ. ಈಚೆ ಕಡೆ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ. ಆಚೆ ಕಡೆಯದಕ್ಕೆ ಜನ ಕಲ್ದಾರ್ ಅಂತಿದ್ರು. ದರ ಸುಮಾರಾಗಿ ಏಳು ಹಾಲಿಗೆ ಆರು ಕಲ್ದಾರ್. ಬಿಕಾಂನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮುತ್ತಜ್ಜಂದಿರು ಕಂಪ್ಲಿ ಸಂತೆಗೆ ಹೋದರೂ ಫಾರಿನ್ ಎಕ್ಸ್‌ಚೇಂಜ್ ಮಾಡಬೇಕಿತ್ತು.

ಮಾಲಿಪಾಟೀಲ, ಪೊಲೀಸ್‌ಪಾಟೀಲ ಅಂತ ಅಡ್ಡಹೆಸರಿನವರು ನಮ್ಮ ಕ್ಲಾಸಿನಲ್ಲೇ ಇದ್ದೀರಿ. ಅವೂ ಆ ಸಂಸ್ಥಾನದ ಹುದ್ದೆಗಳೇ. ಕಂದಾಯ ನೋಡುವವನು ಮಾಲಿಪಾಟೀಲ, ಊರಿನ ಬಂದೋಬಸ್ತು ನೋಡುವವನು ಪೊಲೀಸ್‌ಪಾಟೀಲ. ಹುದ್ದೆ ಹೋದವು, ಹೆಸರು ಉಳಿದವು.

3/10
ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. 1947ರ ನವೆಂಬರ್‌ನಲ್ಲಿ ಭಾರತದ ಜೊತೆ ಯಥಾಸ್ಥಿತಿ ಒಪ್ಪಂದ ಆಯಿತು. ಇದೇ ಹೊತ್ತಿಗೆ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಸ್ವಯಂಸೇವಕ ಪಡೆ ಬೆಳೆದು ಬಲವಾಯಿತು. ಅವರೇ ರಜಾಕಾರರು. ನಾಯಕ ಖಾಸಿಂ ರಜ್ವಿ, ಲಾತೂರಿನಲ್ಲಿ ವಕೀಲಿ ಮಾಡಿಕೊಂಡಿದ್ದವನು.

ಅವರ ಕೆಲಸದ ರೀತಿ ಹೀಗಿತ್ತು: ಊರಿನ ಮೇಲೆ ತಿಂಗಳಿಗೆ ಇಷ್ಟು ರೊಕ್ಕ ಅಂತ ಹೇರೋದು. ಕೊಟ್ಟ ಊರಿಗೆ ಸಾಮಾನ್ಯವಾಗಿ ಹೆಚ್ಚಿನ ತೊಂದರೆ ಇಲ್ಲ. ಕೊಡದಿದ್ದರೆ ಲೂಟಿ. ಎದುರು ನಿಂತರೆ ಬೆಂಕಿ, ಕೊಲೆ, ಹೆಣ್ಮಕ್ಕಳ ಮೇಲೆ ಅತ್ಯಾಚಾರ. ಬೀದರ್ ಕಡೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದ ಜನ ಇವತ್ತಿಗೂ ಮರೆತಿಲ್ಲ.

ನಮ್ಮ ಕಡೆಯ ಎಷ್ಟೋ ಕುಟುಂಬಗಳು ಹೊಳೆ ದಾಟಿದವು, ಗಡಿ ದಾಟಿದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಅವರ ಮುಂದಾಳತ್ವದಲ್ಲಿ ಗಡಿ ಶಿಬಿರಗಳು ನಡೆದವು. ಅಲ್ಲಿಂದ ಹೋರಾಟಗಾರರು ಸಂಸ್ಥಾನದ ಒಳಗೆ ಬಂದು ಹೋಗುತ್ತಿದ್ದರು.

ಇನ್ನೊಂದು ಮಾತು, ಇದನ್ನು ಬಿಟ್ಟು ಕಥೆ ಹೇಳಬಾರದು. ರಜಾಕಾರರ ವಿರುದ್ಧ ಬರೆದದ್ದಕ್ಕೆ ಪ್ರಾಣ ಕೊಟ್ಟವರಲ್ಲಿ ಶೋಯೆಬುಲ್ಲಾ ಖಾನ್ ಒಬ್ಬರು. 'ಇಮ್ರೋಜ್' ಅನ್ನೋ ಉರ್ದು ಪತ್ರಿಕೆಯ ಸಂಪಾದಕ. ಹೈದರಾಬಾದ್ ಭಾರತಕ್ಕೆ ಸೇರಲಿ ಅಂತ ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ಕೊಂದರು.

4/10
ಈಗ ಒಬ್ಬ ಹುಡುಗನ ಕಥೆ. ಹೆಸರು ನಿಮಗೆಲ್ಲ ಗೊತ್ತಿರೋದೇ. ಪಕ್ಷ ಗಿಕ್ಷ ಅಂತ ಕಾಮೆಂಟಿನಲ್ಲಿ ಜಗಳ ಬ್ಯಾಡ್ರಿ, ಇಲ್ಲಿ ಅವರು ಬರೋದು ಆರು ವರ್ಷದ ಹುಡುಗನಾಗಿ ಮಾತ್ರ.

ಮಲ್ಲಿಕಾರ್ಜುನ ಖರ್ಗೆ ಹುಟ್ಟಿದ್ದು 1942ರಲ್ಲಿ, ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. 1948ರಲ್ಲಿ ರಜಾಕಾರರು ಅವರ ಮನೆಗೆ ಬೆಂಕಿ ಹಚ್ಚಿದರು. ತಾಯಿ ಮತ್ತು ಅಕ್ಕತಂಗಿಯರಲ್ಲಿ ಒಬ್ಬರು ಆ ಬೆಂಕಿಯಲ್ಲಿ ತೀರಿಹೋದರು. ತಂದೆಗೆ ಉಳಿಸಿಕೊಳ್ಳೋಕೆ ಆದದ್ದು ಮಗನೊಬ್ಬನನ್ನು. ಅಪ್ಪ ಮಗ ಇಬ್ಬರೂ ಊರು ಬಿಟ್ಟು ಕೊನೆಗೆ ಗುಲ್ಬರ್ಗಾ ಸೇರಿದರು. ಹುಡುಗ ಅಲ್ಲೇ ಓದಿದ, ವಕೀಲನಾದ, ರಾಜಕೀಯಕ್ಕೆ ಬಂದ.

ಲೆಕ್ಕ ಹಾಕಿ ನೋಡ್ರಿ. ಐವತ್ತು ವರ್ಷಕ್ಕೂ ಹೆಚ್ಚು ರಾಜಕೀಯ. ಎಷ್ಟು ಚುನಾವಣೆ, ಎಷ್ಟು ಭಾಷಣ. ಆದರೂ ಹೊರಗಿನ ದೇಶಕ್ಕೆ ಈ ಕಥೆ ಸರಿಯಾಗಿ ಗೊತ್ತಾದದ್ದು ತೀರಾ ಈಚೆಗೆ. 2022ರಲ್ಲಿ ಅವರು ಕಾಂಗ್ರೆಸ್ ಅಧ್ಯಕ್ಷರಾದಾಗ ಮಗ ಪ್ರಿಯಾಂಕ್ ಖರ್ಗೆ ಅದನ್ನು ಹೇಳಿದರು.

ಅನುಭವಿಸಿದವರಿಗಿಂತ ಹೆಚ್ಚು ಬಿಡಿಸಿ ಹೇಳಿದ್ದು ಮಗ. ಇದನ್ನು ನೆನಪಿಟ್ಕೋರಿ, ಮುಂದೆ ಬೇಕಾಗ್ತದೆ.

5/10
2024ರ ನವೆಂಬರ್‌ನಲ್ಲಿ ಮಹಾರಾಷ್ಟ್ರ ಚುನಾವಣೆ ಹೊತ್ತಿಗೆ ಇದೇ ವಿಷಯ ಭಾಷಣಗಳಿಗೆ ಬಂತು. ಆಗ ಪ್ರಿಯಾಂಕ್ ಕೊಟ್ಟ ಉತ್ತರದ ಸಾರ ಇಷ್ಟು: ಮನೆ ಸುಟ್ಟದ್ದು ನಿಜ, ಅಪ್ಪ ಅದನ್ನು ಬಳಸಿಕೊಂಡು ಓಟು ಕೇಳಲಿಲ್ಲ, ದ್ವೇಷ ಇಟ್ಟುಕೊಳ್ಳಲಿಲ್ಲ. ಮಾಡಿದವರು ರಜಾಕಾರರು, ಇಡೀ ಮುಸ್ಲಿಂ ಸಮುದಾಯ ಅಲ್ಲ.

ಇಲ್ಲಿ ನಾವು ಕಲಿಯೋದು ಎರಡು. ಒಂದು, ಸುಮ್ಮನಿರೋದು ಅಂದ್ರೆ ಮರೆತಿದ್ದಾರೆ ಅಂತಲ್ಲ. ನಮ್ಮ ಅಜ್ಜಂದಿರ ಪರಿಸ್ಥಿತಿ ಯೋಚಿಸ್ರಿ. ಖಾಸಿಂ ರಜ್ವಿ ಜೈಲಿಗೆ ಹೋದ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದ. ಊರಲ್ಲಿ ಉಳಿದವರು ಎಲ್ಲಿಗೆ ಹೋಗಬೇಕು? ಅದೇ ಬಾವಿ, ಅದೇ ಸಂತೆ, ಅದೇ ಉರುಸು, ಅದೇ ಜಾತ್ರೆ. ಮರುದಿನ ಮುಖ ನೋಡಲೇಬೇಕಾದವರು ಬಾಯಿ ಮುಚ್ಚಿಕೊಂಡರು. ಬದುಕೋಕೆ ಅದೊಂದು ದಾರಿ.

ಎರಡು, ಹೇಳೋರು ಸುಮ್ಮನಿದ್ದಷ್ಟು ದಿನ ಆ ಕಥೆಯನ್ನು ಯಾರೋ ಬೇರೆಯವರು ತಮಗೆ ಬೇಕಾದಂಗ ಹೇಳ್ತಾರೆ. ನಿಮ್ಮ ಮನೆಯ ಕಥೆಯನ್ನು ವಾಟ್ಸಾಪ್ ಫಾರ್ವರ್ಡಿನಿಂದ ತಿಳ್ಕೋಬ್ಯಾಡ್ರಿ. ಮನೆಯವರ ಬಾಯಿಂದ ತಿಳ್ಕೋರಿ.

6/10
ಇಲ್ಲಿಗೆ ಮುಗಿದಿದ್ದರೆ ಸರಳ ಕಥೆ. ಆದರೆ ಗದ್ದಲದ ವರ್ಷಕ್ಕೆ ಇನ್ನೊಂದು ಪುಟ ಐತಿ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಎಲ್ಲ ದಿಕ್ಕಿನಿಂದ ಸಂಸ್ಥಾನದ ಒಳಗೆ ಬಂತು. ಸೈನ್ಯದ ಭಾಷೆಯಲ್ಲಿ 'ಆಪರೇಷನ್ ಪೋಲೋ'. ಜನರ ಬಾಯಲ್ಲಿ 'ಪೊಲೀಸ್ ಆ್ಯಕ್ಷನ್'. ಹೆಸರು ಪೊಲೀಸರದ್ದು, ಮಾಡಿದ್ದು ಸೈನ್ಯ. 17ಕ್ಕೆ ನಿಜಾಮ ಸೋಲೊಪ್ಪಿದ. ಐದೇ ದಿನ. ಅದಕ್ಕೇ ಸೆಪ್ಟೆಂಬರ್ 17ಕ್ಕೆ ನಮ್ಮ ಕಾಲೇಜಿನಲ್ಲಿ ಬಾವುಟ ಹಾರಿಸೋದು. 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ.

ಹದಿನೆಂಟನೇ ತಾರೀಖಿನಿಂದ ಏನಾಯ್ತು? ಬಾವುಟದ ದಿನ ಭಾಷಣದಲ್ಲಿ ಇದು ಬರಲ್ಲ. ರಜಾಕಾರರು ಓಡಿಹೋದರು, ಅಡಗಿದರು, ಕೆಲವರು ಸಿಕ್ಕಿಬಿದ್ದರು. ಅವರ ಮೇಲಿನ ಸಿಟ್ಟು ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಸಾಮಾನ್ಯ ಮುಸ್ಲಿಂ ಕುಟುಂಬಗಳ ಮೇಲೆ ತಿರುಗಿತು. ಒಕ್ಕಲುತನ ಮಾಡೋರು, ನೇಯೋರು, ಸಣ್ಣ ಅಂಗಡಿಯವರು.

ಸುದ್ದಿ ದಿಲ್ಲಿಗೆ ಮುಟ್ಟಿತು. ಪ್ರಧಾನಿ ನೆಹರೂ ಒಂದು ತಂಡ ಕಳಿಸಿದರು. ಮುಂದಾಳು ಕಾಂಗ್ರೆಸ್ಸಿನ ಪಂಡಿತ್ ಸುಂದರಲಾಲ್, ಜೊತೆಗೆ ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ತನಕ ಅವರು 16 ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿದರು. ತಾವು ಹೋಗೋಕಾಗದ ನೂರಕ್ಕೂ ಹೆಚ್ಚು ಹಳ್ಳಿಗಳ ಜನರನ್ನೂ ಮಾತಾಡಿಸಿದರು.

7/10
ಅವರ ವರದಿ ರಜಾಕಾರರ ದೌರ್ಜನ್ಯವನ್ನು ಮುಚ್ಚಿಡಲಿಲ್ಲ. ಮೂರನೇ ಪೋಸ್ಟಿನಲ್ಲಿ ಹೇಳಿದ ತಿಂಗಳ ವಸೂಲಿ ಲೆಕ್ಕ ಆ ವರದಿಯಲ್ಲೂ ಐತಿ. ಜೊತೆಗೆ ಆಮೇಲೆ ಆದದ್ದನ್ನೂ ಬರೆದರು. ತೀರಾ ಕಡಿಮೆ ಅಂದಾಜು ಹಿಡಿದರೂ ಇಡೀ ಸಂಸ್ಥಾನದಲ್ಲಿ ಕಾರ್ಯಾಚರಣೆ ವೇಳೆ ಮತ್ತು ನಂತರ 27,000ದಿಂದ 40,000 ಜನ ಸತ್ತರು ಅಂತ. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು, ಗುಲ್ಬರ್ಗಾ ಮತ್ತು ಬೀದರ್. ಇನ್ನೆರಡು ಉಸ್ಮಾನಾಬಾದ್, ನಾಂದೇಡ್.

ಗೃಹಮಂತ್ರಿ ಸರ್ದಾರ್ ಪಟೇಲ್ ಈ ವರದಿಯನ್ನು ಒಪ್ಪಲಿಲ್ಲ. ಸರಕಾರ ದಶಕಗಟ್ಟಲೆ ಅದನ್ನು ಪ್ರಕಟಿಸಲಿಲ್ಲ. ವಕೀಲ, ಲೇಖಕ ಎ.ಜಿ. ನೂರಾನಿ 2013ರ ತಮ್ಮ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿಸಿದಾಗ ಓದುಗರ ಕೈಗೆ ಸಿಕ್ಕಿತು. ಅಂದ್ರೆ ಮನೆಯ ಅಜ್ಜ ಸುಮ್ಮನಿದ್ದಂಗೆ ದೇಶವೂ ಸುಮ್ಮನಿತ್ತು. ಅಜ್ಜನ ಮೌನಕ್ಕೆ ಭಯ, ನೋವು ಕಾರಣ. ಸರಕಾರದ ಮೌನಕ್ಕೆ ಆ ವಿನಾಯಿತಿ ಕೊಡೋದು ಕಷ್ಟ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಐತಿ, ನನಗೆ ಬಹಳ ಹಿಡಿಸಿದ್ದು. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ರಕ್ಷಣೆಗೆ ನಿಂತರು, ಅದಕ್ಕಾಗಿ ಪ್ರಾಣ ಕಳಕೊಂಡವರೂ ಇದ್ದಾರೆ. ಒಂದೇ ಕಸುಬು ಮಾಡೋರು ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ. ಆ ಮಂದಿಯ ಕಥೆಯೂ ಮೌನದ ಒಳಗೇ ಮುಚ್ಚಿಹೋಗಿದೆ. ಕೆಟ್ಟದ್ದನ್ನು ಹೇಳಬಾರದು ಅಂತ ಬಾಯಿ ಮುಚ್ಚಿದ್ರೆ ಒಳ್ಳೇದೂ ಅದರ ಜೊತೆಗೇ ಹೂತುಹೋಗ್ತದೆ.

8/10
ಗುಟ್ಟು ಬಾಯಲ್ಲಿ ಇಲ್ಲದಿದ್ರೆ ಟ್ರಂಕಿನಲ್ಲಿ ಇರ್ತದೆ. ಹಳೇ ಕಾಗದದ ಮೇಲೆ 1350, 1357 ಅಂತ ಇಸವಿ ಕಂಡ್ರೆ ಅದು ವಿಜಯನಗರದ ಕಾಲದ್ದಲ್ಲ 😅 ಅದು ಫಸಲಿ ವರ್ಷ. ನಮ್ಮದು ಏಪ್ರಿಲ್‌ಗೆ ಶುರುವಾಗೋ ಹಣಕಾಸು ವರ್ಷ ಇದ್ದಂಗೆ ಹೈದರಾಬಾದಿನ ಫಸಲಿ ಅಕ್ಟೋಬರ್‌ಗೆ ಶುರು. ಫಸಲಿಗೆ 590 ಕೂಡಿಸ್ರಿ. 1357 ಅಂದ್ರೆ 1947ರ ಅಕ್ಟೋಬರ್‌ನಿಂದ ಮುಂದಿನ ಒಂದು ವರ್ಷ. ಜಹಗೀರು ರದ್ದಾದ ಕಾನೂನು ಬಂದದ್ದು 1949ರ ಆಗಸ್ಟ್‌ನಲ್ಲಿ, ಅದರ ಹೆಸರಿನಲ್ಲಿರೋ ವರ್ಷ 1358.

ಈಗ ನಮ್ಮ ಮನೆ ವಿಷಯ. ನಮ್ಮ ಹೊಲಗಳಲ್ಲಿ ಒಂದಕ್ಕೆ 'ಸಾಬರ ಹೊಲ' ಅಂತಾರೆ. ಯಾವ ಸಾಬರು ಅಂತ ಯಾರೂ ಹೇಳಿದ್ದಿಲ್ಲ. ಅದರ ಖರೀದಿ ಕಾಗದ ಉರ್ದುವಿನಲ್ಲಿದೆ. ಓದಿ ಹೇಳಿದವರು ನಮ್ಮ ಓಣಿಯ ನಿವೃತ್ತ ಉರ್ದು ಮಾಸ್ತರು. ಮಾರಿದವರದ್ದು ಒಂದು ಮುಸ್ಲಿಂ ಕುಟುಂಬದ ಹೆಸರು, ಕೊಂಡವರದ್ದು ನಮ್ಮ ಮುತ್ತಜ್ಜಂದು. ವರ್ಷ 1358. ಕೂಡಿಸಿ ನೋಡ್ರಿ. ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಬಂದ ಮೊದಲ ವರ್ಷ ಅದು.

ಅಪ್ಪನ್ನ ಕೇಳಿದೆ. "ಅದನ್ನೆಲ್ಲಾ ಕೆದಕಬ್ಯಾಡ" ಅಂದ್ರು. ಅಜ್ಜಿ ಅವತ್ತು ಏನೂ ಅನ್ನಲಿಲ್ಲ. ಮೂರು ದಿನ ಬಿಟ್ಟು ಶೇಂಗಾ ಸುಲಿತಾ ತಾನೇ ಬಾಯಿಬಿಟ್ಟಳು. ಅವಳಿಗೆ ಅವಳ ಅತ್ತೆ ಹೇಳಿದ್ದಂತೆ. "ರಾತ್ರೋ ರಾತ್ರಿ ಹೊಂಟ್ರಂತ. ಒಂದಿಷ್ಟು ರೊಕ್ಕ, ಎರಡು ಚೀಲ ಜ್ವಾಳ. ಹೊಲ ನೋಡ್ಕೊಂಡಿರ್ರೀ, ಬರ್ತೀವಿ ಅಂದಿದ್ರಂತ. ಬರಲಿಲ್ಲ."

ಮಾರಿದವರು 'ಬರ್ತೀವಿ' ಅಂತ ಯಾಕೆ ಹೇಳ್ತಾರೆ? ಈ ಪ್ರಶ್ನೆ ಈಗ ನಮ್ಮ ಮನೆಯಲ್ಲೇ ಐತಿ. ಪೋಸ್ಟ್ ಹಾಕೋ ಮುಂಚೆ ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು "ಹಾಕು, ಯಾರ ಹೆಸರೂ ಹಾಕಬ್ಯಾಡ" ಅಂದ್ರು. ಹಾಕಿಲ್ಲ.

9/10
ಈ ಹೊಲದ ಪ್ರಶ್ನೆ ನಮ್ಮ ಭಾಗದಲ್ಲಿ ಯಾಕೆ ಸಣ್ಣದಲ್ಲ ಅಂತ ಹೇಳ್ತೀನಿ. ತುಂಗಭದ್ರಾ ಡ್ಯಾಮಿನ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿಯಲ್ಲಿ. ಹೈದರಾಬಾದ್ ಮತ್ತು ಮದ್ರಾಸ್ ಕೂಡಿ ಕೈಹಾಕಿದ ಕೆಲಸ. 1953ರ ಹೊತ್ತಿಗೆ ಡ್ಯಾಂ ಆಯ್ತು, ಎಡದಂಡೆ ಕಾಲುವೆ ನಮ್ಮ ಕಡೆ ಬಂತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಒಣಭೂಮಿ ಭತ್ತದ ಗದ್ದೆ ಆಯ್ತು. ಆಂಧ್ರದಿಂದ ರೈತರು ಬಂದು ನೆಲೆಸಿದರು, ಕ್ಯಾಂಪುಗಳು ಎದ್ದವು. ಗಂಗಾವತಿ, ಸಿದ್ದಾಪುರ, ಕಾರಟಗಿ ರಸ್ತೆಯಲ್ಲಿ ಇವತ್ತು ರೈಸ್‌ಮಿಲ್ ಕಾಣದೆ ಮುಂದೆ ಹೋಗೋಕಾಗಲ್ಲ.

1948ರಲ್ಲಿ ಎರಡು ಚೀಲ ಜೋಳಕ್ಕೆ ಕೈಬಿಟ್ಟ ಎಕರೆಗೂ ಕಾಲುವೆ ಬಂದ ಮೇಲಿನ ಎಕರೆಗೂ ಹೋಲಿಕೆ ಇಲ್ಲ. ಆವತ್ತು ಊರು ಬಿಟ್ಟವರು, ಯಾವ ಜಾತಿ ಧರ್ಮದವರೇ ಇರಲಿ, ವಾಪಸ್ ಬರದಿದ್ದರೆ ಕಳಕೊಂಡದ್ದು ಹೊಲವೊಂದನ್ನೇ ಅಲ್ಲ, ಮುಂದಿನ ಎರಡು ತಲೆಮಾರಿನ ನೀರನ್ನು.

ಒಂದು ಶಬ್ದ ನೋಡ್ರಿ: ಕ್ಯಾಂಪ್. ನಮಗೆ ಕ್ಯಾಂಪ್ ಅಂದ್ರೆ ಭತ್ತ, ಆಂಧ್ರದವರು, ಪಪ್ಪು ಉಪ್ಪಿನಕಾಯಿ. ನಮ್ಮ ಮುತ್ತಜ್ಜಂದಿರಿಗೆ ಕ್ಯಾಂಪ್ ಅಂದ್ರೆ ಮುಂಡರಗಿ, ಗಜೇಂದ್ರಗಡದ ಹೋರಾಟದ ಶಿಬಿರ. ಎಂಟು ಹತ್ತು ವರ್ಷದೊಳಗೆ ಒಂದೇ ಶಬ್ದದ ಅರ್ಥ ಹೊರಳಿತು. ಗದ್ದೆಯ ನೀರು ಬಂದ ಮೇಲೆ ಗದ್ದಲದ ಮಾತು ತಳಕ್ಕೆ ಹೋಯ್ತು.

10/10
ಮೊಮ್ಮಕ್ಕಳೇ ಕೇಳೋದು ನಮ್ಮಲ್ಲಿ ಮಾತ್ರ ಅಲ್ಲ. ಸ್ಪೇನ್ ದೇಶದಲ್ಲಿ 1936ರಿಂದ 1939ರ ತನಕ ಅಂತರ್ಯುದ್ಧ ಆಯ್ತು. ಹಳ್ಳಿಗಳಲ್ಲಿ ಕೊಂದು ರಸ್ತೆ ಬದಿ ಹೂತವರ ಬಗ್ಗೆ ಮನೆಮಂದಿ ಅರವತ್ತು ವರ್ಷ ಪಿಸುಮಾತಿನಲ್ಲೇ ಇದ್ದರು. 2000ದಲ್ಲಿ ಎಮಿಲಿಯೊ ಸಿಲ್ವಾ ಅನ್ನೋ ಪತ್ರಕರ್ತ ತನ್ನ ಅಜ್ಜನ್ನ ಹುಡುಕಿಕೊಂಡು ಹೋಗಿ ಅಂಥ ಒಂದು ಗುಂಡಿ ತೆಗೆಸಿದ. ಹದಿಮೂರು ಮಂದಿ ಸಿಕ್ಕರು. ಆಮೇಲೆ ದೇಶದ ತುಂಬ ಮೊಮ್ಮಕ್ಕಳು ಕೇಳೋಕೆ ಶುರು ಮಾಡಿದರು.

ನಾವು ಗುದ್ದಲಿ ಹಿಡಿಯೋದು ಬ್ಯಾಡ. ಕೇಳೋ ರೀತಿ ಗೊತ್ತಿದ್ರೆ ಸಾಕು.

▪️ "ರಜಾಕಾರರು ಏನು ಮಾಡಿದ್ರು" ಅಂತ ನೇರ ಕೇಳಬ್ಯಾಡ್ರಿ. "ಆ ವರ್ಷ ನೀವು ಯಾವ ಊರಾಗ ಇದ್ರಿ? ಏನು ಉಂತಿದ್ರಿ?" ಅಂತ ಶುರು ಮಾಡ್ರಿ.
▪️ ಸೊಸೆಯಂದಿರನ್ನ ಕೇಳ್ರಿ. ಅತ್ತೆಯಿಂದ ಸೊಸೆಗೆ ಬಂದ ಮಾತು ಗಂಡಸರ ಕಾಗದಕ್ಕಿಂತ ಹೆಚ್ಚು ಹೇಳ್ತದೆ.
▪️ ಹೊಲದ ಹೆಸರು, ಬಾವಿಯ ಹೆಸರು, ಓಣಿಯ ಹೆಸರು ಬರ್ಕೋರಿ.
▪️ ಅಳು ಬಂದ್ರೆ ಫೋನ್ ರೆಕಾರ್ಡಿಂಗ್ ಆಫ್ ಮಾಡ್ರಿ. ನೀರು ಕೊಡ್ರಿ. ಕೂತಿರ್ರಿ.
▪️ ಪಕ್ಕದ ಮನೆಯ ಅಜ್ಜಿಯನ್ನೂ ಕೇಳ್ರಿ. ಅವರ ಧರ್ಮ ಬೇರೆ ಆಗಿದ್ರಂತೂ ತಪ್ಪದೆ ಕೇಳ್ರಿ.

ಕೊನೇ ಮಾತು, ನಮ್ಮ ಬಿಕಾಂ ಲೆಕ್ಕದ ಭಾಷೆಯಲ್ಲಿ. ಇಬ್ಬರ ನಡುವೆ ಕೊಡೋದು ತಗೊಳೋದು ಇದ್ದರೆ ಒಂದಕ್ಕೊಂದು ವಜಾ ಮಾಡಿ ಬಾಕಿ ತೋರಿಸ್ತೀವಿ. 1948ರಲ್ಲಿ ಆ ಪದ್ಧತಿ ನಡಿಯಲ್ಲ. ವರವಟ್ಟಿಯ ಮನೆಯ ಬೆಂಕಿಗೆ ಸೆಪ್ಟೆಂಬರ್ ನಂತರ ಸತ್ತ ನೇಕಾರನ ಜೀವ ವಜಾ ಆಗಲ್ಲ. ಇದನ್ನ ಹೇಳಿದ್ದಕ್ಕೆ ಅದು ಸಣ್ಣದೂ ಆಗಲ್ಲ. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಪೂರ್ತಿ ಬರೀಬೇಕು. ಒಂದೇ ಪುಟ ಬರೆದು ಪುಸ್ತಕ ಮುಚ್ಚಿದ್ರೆ ಅದಕ್ಕೆ ಇತಿಹಾಸ ಅನ್ನೋಕಾಗಲ್ಲ.

ಈ ಬರೋ ಸೆಪ್ಟೆಂಬರ್ 17ಕ್ಕೆ ಬಾವುಟಕ್ಕೆ ಸೆಲ್ಯೂಟ್ ಹೊಡೆದು ಮನೆಗೆ ಹೋದಾಗ ಒಂದು ಪ್ರಶ್ನೆ ಕೇಳ್ರಿ. ಸಿಕ್ಕ ಉತ್ತರ ನನಗೆ ಡಿಎಂ ಮಾಡ್ರಿ. ಹೆಸರು ಬ್ಯಾಡ. ಊರು, ಮತ್ತೆ ಅವರು ಹೇಳಿದ ಒಂದು ಮಾತು ಸಾಕು. ಮುಂದಿನ ಸರಣಿ ನಿಮ್ಮ ಮಾತುಗಳದ್ದೇ.

#ಸಿದ್ದಾಪುರ #ಗಂಗಾವತಿ #ಕಾರಟಗಿ #ಕೊಪ್ಪಳ #ಕಲ್ಯಾಣಕರ್ನಾಟಕ #ಗದ್ದಲದವರ್ಷ #ಅಜ್ಜಿಯನ್ನುಕೇಳಿ